ತುಳಸಮ್ಮನ ಮೂಗು

ಗೋಕುಲಾಷ್ಟಮಿಗೆ ಇನ್ನು ನಾಲ್ಕೇ ದಿನ. ಗವಿಪುರದ ತುಳಸಮ್ಮನ ಮನೆ ಮುಂದೆ ಆಟೋ ನಿಂತು, ನಾಲ್ಕು ಡಬ್ಬ ಪಾಮ್ ಆಯಿಲ್, ಒಂದು ಕಟ್ಟು ಸ್ಟಿಕ್ಕರ್ ಇಳಿದವು. ಸ್ಟಿಕ್ಕರಿನ ಮೇಲೆ ದಪ್ಪಕ್ಷರದಲ್ಲಿ, ‘ಅಪ್ಪಟ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದು.’

ಕಳಿಸಿದವನು ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಯ ಮಧುಸೂದನ್. ತುಳಸಮ್ಮನ ಚಕ್ಕುಲಿ ಹದಿನೆಂಟು ವರ್ಷದಿಂದ ಅವನ ಅಂಗಡಿಯಲ್ಲೇ ಮಾರಾಟ. ಹಬ್ಬದ ಆರ್ಡರಿನಲ್ಲೇ ಅವಳ ಅರ್ಧ ವರ್ಷ ನಡೆಯಬೇಕು. ಅದಕ್ಕೇ ಇಷ್ಟು ದಿನ ಅವನು ಕುಣಿಸಿದ ಹಾಗೆ ಕುಣಿದಿದ್ದಳು. ಜನ ಕಡಲೆಕಾಯಿ ಎಣ್ಣೆ ಜಿಡ್ಡು ಎಂದಾಗ ಸೂರ್ಯಕಾಂತಿ, ಟಿವಿಯವರು ಹಾರ್ಟಿಗೆ ಒಳ್ಳೆಯದೆಂದಾಗ ಅಕ್ಕಿ ತೌಡಿನ ಎಣ್ಣೆ. ಈಗ ಅದೇ ಜನ ಗಾಣದ ಎಣ್ಣೆಗೆ ಮುಗಿಬಿದ್ದಿದ್ದಾರೆ. ಕಡೆಗೂ ತನ್ನ ಎಣ್ಣೆಗೆ ಕಾಲ ಬಂತೆಂದು ಅವಳು ಹಿಗ್ಗಿದ್ದಳು. ಡಬ್ಬ ನೋಡಿ ಮೈಯೆಲ್ಲ ಉರಿಯಿತು. ಆಟೋದವನನ್ನು ಅಲ್ಲೇ ನಿಲ್ಲಿಸಿ ಫೋನ್ ಮಾಡಿದಳು.

“ಗಾಣದ ಎಣ್ಣೇಲಿ ಕರಿದ್ರೆ ರೇಟು ಎಲ್ಲಿಗ್ ಹೋಗತ್ತೆ ಹೇಳಿ ಅಮ್ಮಾ? ಸ್ಟಿಕ್ಕರ್ ಅಂಟ್ಸಿ ಸಾಕು. ತಿನ್ನೋರಿಗೆ ಏನ್ ಗೊತ್ತಾಗತ್ತೆ?” ಎಂದ ಮಧುಸೂದನ್.

“ನಂಗ್ ಗೊತ್ತಾಗತ್ತಲ್ಲಪ್ಪ.”

ನೈವೇದ್ಯದ ಚಕ್ಕುಲಿಯನ್ನು ದೇವರಿಗಿಡುವ ಮುಂಚೆ ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ಎಣ್ಣೆ ಕಾದದ್ದು, ಚಕ್ಕುಲಿ ಹದಕ್ಕೆ ಬಂದದ್ದು, ಎಲ್ಲವನ್ನೂ ತುಳಸಮ್ಮ ಮೂಗಿನಲ್ಲೇ ತಿಳಿಯಬೇಕು. ವಾಸನೆಯಿಲ್ಲದ ಎಣ್ಣೆಗಳು ಬಂದಮೇಲೆ ಇಷ್ಟು ವರ್ಷ ಅವಳು ಕಣ್ಣು ಕಟ್ಟಿಸಿಕೊಂಡು ಕರಿದ ಹಾಗೇ ಆಗಿತ್ತು.

“ಹಾಗಾದ್ರೆ ಬೇರೆಯವ್ರ ಹತ್ರ ಮಾಡಿಸ್ಕೋತೀನಿ,” ಎಂದು ಅವನು ಫೋನ್ ಇಟ್ಟ.

ಜೊತೆಗೆ ಕೆಲಸ ಮಾಡುವ ಮುನಿರತ್ನಮ್ಮ ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಿದಳು. “ಅಕ್ಕಾ, ಇದೊಂದ್ಸಲ ಹೂಂ ಅಂದ್ಬಿಡಿ. ಆಗ್ಲೂ ಎಣ್ಣೆ ಬದಲಾಯ್ಸಿರ್ಲಿಲ್ವಾ?”

“ಬದಲಾಯ್ಸಿದ್ದೆ. ಯಾವ ಎಣ್ಣೆ ಅಂತ ಕೇಳ್ದೋರಿಗೆ ಅದನ್ನೇ ಹೇಳಿದ್ದೆ. ದೇವರ ಮುಂದೆ ಇಡೋ ಪದಾರ್ಥದ ಮೇಲೆ ಸುಳ್ಳು ಅಂಟ್ಸು ಅಂತಾನಲ್ಲ, ಇವನ ಧೈರ್ಯ ನೋಡು!”

ಡಬ್ಬಗಳನ್ನು ಅದೇ ಆಟೋಗೆ ಹೇರಿಸಿ ತಾನೂ ಹತ್ತಿದಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಬ್ಬಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಸಾಲಾಗಿ ಇಡಿಸಿ, ಮೇಲೆ ಸ್ಟಿಕ್ಕರ್ ಕಟ್ಟು ಇಟ್ಟಳು. ಚಕ್ಕುಲಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಎರಡನ್ನೂ ಓದಿ, “ಇದ್ರಲ್ಲೇ ಕರಿಯೋದಾ?” ಎಂದಳು.

“ಇವ್ರನ್ನೇ ಕೇಳಿ. ನಾನಂತೂ ಮುಟ್ಟಿಲ್ಲ.”

ಮಧುಸೂದನನ ಮುಖ ಹುಳ್ಳಗಾಯಿತು. “ಇನ್ಮೇಲೆ ನಿಮ್ಮ ಚಕ್ಕುಲಿ ನಮ್ಮಂಗಡಿಗೆ ಬೇಡ!”

“ಬೇಡ ಬಿಡಪ್ಪ.”

ಹೊರಗೆ ಬಂದಳು. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಮನೆಗೆ ಹೋಗದೆ ಸೀದಾ ಚಾಮರಾಜಪೇಟೆಯ ಗಾಣಕ್ಕೆ ಹೋಗಿ ಕಡಲೆಕಾಯಿ ಎಣ್ಣೆ ತಂದಳು.

ಮರುದಿನ ಬೆಳಿಗ್ಗೆ ಒಲೆಯನ್ನು ಗೇಟಿನ ಪಕ್ಕಕ್ಕೇ ತಂದಿಟ್ಟಳು. ಬೀದಿಗೆ ಕಾಣುವ ಹಾಗೆ ಎಣ್ಣೆಯ ಕ್ಯಾನೂ ಅಲ್ಲೇ. ಬಾಣಲೆ ಕಾದು ಘಮ್ಮೆನ್ನತೊಡಗಿತು.

“ಆರ್ಡರೇ ಇಲ್ವಲ್ಲಕ್ಕಾ, ಇಷ್ಟೊಂದು ಯಾರಿಗೆ?” ಎಂದಳು ಮುನಿರತ್ನಮ್ಮ.

“ಮೂಗಿರೋರಿಗೆ,” ಎಂದು ತುಳಸಮ್ಮ ಮೊದಲ ಚಕ್ಕುಲಿಯನ್ನು ಎಣ್ಣೆಗೆ ಬಿಟ್ಟಳು.