ಎರಡು ಗೂಡಿನ ಪೆಟ್ಟಿಗೆ

ಪರಮಶಿವಪ್ಪನವರ ಕೊರಳಲ್ಲಿ ಲಿಂಗವಿರಲಿಲ್ಲ.

ಹೆಣಕ್ಕೆ ಸ್ನಾನ ಮಾಡಿಸಿ, ಹಣೆ ಎದೆ ತೋಳುಗಳಿಗೆ ವಿಭೂತಿ ಬಳಿದು, ಮಂಚದ ಮೇಲೆ ಕಾಲು ಮಡಚಿ ಕೂರಿಸಿ ಆಗಿತ್ತು. ಮಂಡಿ ಮಡಚಲು ಇಬ್ಬರು ಬೇಕಾಗಿತ್ತು. ದೇಹ ಮುಂದಕ್ಕೆ ವಾಲದಂತೆ ಕಂಕುಳಡಿ ಪಂಚೆ ಹಾಯಿಸಿ, ಶೆಡ್ಡಿನ ತೊಲೆಯಲ್ಲಿದ್ದ ಕಬ್ಬಿಣದ ಕೊಂಡಿಗೆ ಮಗ ಸಿದ್ಧಲಿಂಗೇಶ್ ಗಂಟು ಹಾಕುತ್ತಿದ್ದ. ಕಬ್ಬಿಣ ಕಡೆಯುವ ಲೇತ್ ಮಷಿನ್ನಿನ ಭಾರದ ಭಾಗಗಳನ್ನು ಎತ್ತಿ ಇಳಿಸಲು ಪರಮಶಿವಪ್ಪನವರೇ ಹಾಕಿಸಿದ್ದ ಕೊಂಡಿ ಅದು. ಸಂಸ್ಕಾರ ಮಾಡಿಸಲು ಬಂದ ಅಯ್ಯನವರು ಹೆಣದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ಮಾಡಿ, ತಮ್ಮ ಕೈ ಚಾಚಿದರು.

"ಲಿಂಗ ಕೊಡ್ರಿ."

ಯಾರೂ ಕೊಡಲಿಲ್ಲ.

ಸಿದ್ಧಲಿಂಗೇಶ್ ಆಸ್ಪತ್ರೆಯಿಂದ ತಂದ ಪ್ಲಾಸ್ಟಿಕ್ ಚೀಲವನ್ನು ಮಂಚದ ತುದಿಗೆ ಸುರಿದ. ಕನ್ನಡಕ, ವಾಚು, ಬಾಚಣಿಗೆ, ಅರ್ಧ ಮುಗಿದ ಮಾತ್ರೆ ಹಾಳೆ.

"ಆಸ್ಪತ್ರೆಗೆ ಹೋಗೋವಾಗ ಇತ್ತಾ?" ಅಯ್ಯನವರು ಕೇಳಿದರು.

"ನೋಡಿಲ್ಲ ಅಯ್ನೋರೆ. ಎತ್ತಿ ಆಂಬುಲೆನ್ಸಿಗೆ ಹಾಕಿದ್ದೇ ಗೊತ್ತು."

ಬಾಗಿಲ ಬಳಿ ಕೂತಿದ್ದ ಮಹಾದೇವಮ್ಮ, ಸತ್ತವರ ಅಕ್ಕ, ಸೆರಗು ಸರಿ ಮಾಡಿಕೊಂಡರು. "ಆ ಮಷಿನ್ ಮುಂದೆ ನಿಂತೂ ನಿಂತೂ ನಮ್ ಪರಮಂಗೆ ದೇವ್ರು ದಿಂಡ್ರು ಎಲ್ಲಾ ಮರ್ತೋಗಿತ್ತು. ಎಲ್ಲಿ ಕಳ್ಕಂಡ್ನೋ. ಲಿಂಗ ಇಲ್ಲದ ಹೆಣ ಅಂತ ಶಿಕಾರಿಪುರದ ತುಂಬಾ ಆಡ್ಕಂತಾರೆ ಇನ್ನು."

"ಮರೆಯೋರಲ್ಲ ಅಕ್ಕ," ಎಂದರು ಹೆಂಡತಿ ಬಸವಣ್ಣೆಮ್ಮ. ಅವರು ಅಳುತ್ತಿರಲಿಲ್ಲ. "ಹತ್ತು ವರ್ಷಕ್ಕೆ ದೀಕ್ಷೆ ಆಗಿದ್ದು. ಬಸ್ ಸ್ಟ್ಯಾಂಡಾಗೆ ಫಸ್ಟ್ ಶಿಫ್ಟ್ ಇದ್ರೆ ನಾಕಕ್ಕೇ ಎದ್ದು ಲಿಂಗ ಅಂಗೈಯಾಗಿಟ್ಟು ಪೂಜೆ ಮಾಡಿ ಹೋಗೋರು. ಐವತ್ತಾರು ವರ್ಷ. ಒಂದಿನ ತಪ್ಪಿಸಿಲ್ಲ."

"ಮಠದಿಂದ ಹೊಸದು ತರಿಸ್ತೀನಿ ತಾಯಿ. ಶಾಸ್ತ್ರಕ್ಕೇನೂ ಅಡ್ಡಿ ಇಲ್ಲ."

"ಹೊಸದು ಬ್ಯಾಡ್ರಿ. ಅವ್ರದ್ದು ಅವ್ರಿಗೆ ಕೊಟ್ಟು ಕಳಿಸ್ಬೇಕು. ಅವ್ರ ಗುರುತೇ ಇಲ್ಲದ್ದನ್ನ ಕೈಯಾಗಿಟ್ಟು ಮಣ್ಣು ಮುಚ್ಚಕ್ಕೆ ನಾನು ಬಿಡಲ್ಲ."

ಅಯ್ಯನವರು ವಾಚು ನೋಡಿಕೊಂಡರು. ನಾಲ್ಕು ಗಂಟೆಗೆ ಗುಂಡಿ ಸಿದ್ಧವಾಗುವುದಿತ್ತು. ಈಗ ಹನ್ನೊಂದು. ಅವರ ಕಣ್ಣು ಸಿದ್ಧಲಿಂಗೇಶನ ಬರಿ ಕೊರಳಿಗೆ ಬಿತ್ತು.

"ನಿಂದು ಎಲ್ಲೈತಪ್ಪ?"

"ದೇವರ ಮನೆಯಾಗೈತೆ ಅಯ್ನೋರೆ."

"ಮದುವೆ ದಿನ ನಾನು ಕಟ್ಟಿದ್ದು?"

"ಹೂಂ."

"ಅವತ್ತಿಂದ ಅಲ್ಲೇ ಐತೇನು?"

ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು.

ಆಗಲೇ ಯಲ್ಲಪ್ಪ ಬಂದದ್ದು. ಆನವಟ್ಟಿಯಲ್ಲಿ ಚಹಾದಂಗಡಿ ಇಟ್ಟವನು. ಬಲಗೈಯಲ್ಲಿ ಎರಡು ಬೆರಳಿಲ್ಲ. ಮನೆಯವರಿಗೆ ಅವನು ಗೊತ್ತಿದ್ದದ್ದು ತಿಂಗಳಿಗೊಮ್ಮೆ ಬಂದು ಶೆಡ್ಡಿನಲ್ಲಿ ಪರಮಶಿವಪ್ಪನವರ ಜೊತೆ ಸಂಜೆತನಕ ನಿಲ್ಲುವವನು ಎಂದಷ್ಟೇ. ಕೈಯಲ್ಲಿ ಸೇವಂತಿಗೆ ಹಾರ ಹಿಡಿದು ಒಳಗೆ ಬಂದವನು ಹೆಣ ನೋಡುವ ಮೊದಲು ನೆಲ ನೋಡಿದ. ಬಿಳಿ ಟೈಲ್ಸ್. ಮೂಲೆಯಲ್ಲಿ ಹೊಸ ಕಮೋಡು, ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ.

"ಮಷಿನ್ ಎಲ್ಲಿ ಸಿದ್ದಣ್ಣ?"

"ಕೊಟ್ಟು ಹತ್ತು ದಿನ ಆತು." ಸಿದ್ಧಲಿಂಗೇಶ್ ಗಂಟು ಬಿಗಿದು ಕೆಳಗಿಳಿದ. "ಡಾಕ್ಟ್ರು ಮನೆಗೆ ಕರ್ಕಂಡು ಹೋಗ್ರಿ ಅಂದಿದ್ರು. ಇನ್ನು ಮಲಗಿದಲ್ಲೇ ಎಲ್ಲಾ, ಮೆಟ್ಲು ಹತ್ತಂಗಿಲ್ಲ ಅಂದ್ರು. ನೆಲಕ್ಕೆ ಸಮ ಇರೋದು ಈ ಶೆಡ್ ಒಂದೇ. ಗುಜರಿ ಮಾರಪ್ಪಂಗೆ ಹೇಳಿ ಖಾಲಿ ಮಾಡ್ಸಿದೆ. ಕರ್ಕಂಡು ಬರೋದ್ರಾಗೆ ಆಸ್ಪತ್ರೆಯಾಗೇ ಹೋದ್ರು."

"ಅದರ ಮಗ್ಗುಲಿಗೆ ಒಂದು ಕಟ್ಟಿಗೆ ಪೆಟ್ಟಿಗೆ ಹೊಡೆದಿತ್ತಲ್ಲ. ಎರಡು ಗೂಡಿಂದು."

"ಎಲ್ಲಾ ಸೇರ್ಸಿ ಹೋತು. ಯಾಕ್ರಿ?"

ಯಲ್ಲಪ್ಪ ಹೆಣದ ಬರಿ ಕೊರಳು, ಖಾಲಿ ಅಂಗೈ ನೋಡಿ ಹಾರವನ್ನು ಮಂಚದ ಮೇಲಿಟ್ಟ.

"ಲಿಂಗ ಅದರಾಗೈತೆ."

*

ಪರಮಶಿವಪ್ಪನವರು ಮೂವತ್ತೆರಡು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಬಂದ ಬಸ್ಸು, ಹೋದ ಬಸ್ಸು, ಹೊತ್ತು ಬರೆಯುವುದು ಕೆಲಸ. ನಿವೃತ್ತಿಯಾದ ವರ್ಷ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಹಳೆಯ ಲೇತನ್ನು ಹರಾಜಿನಲ್ಲಿ ಹಿಡಿದರು. ಹುಲ್ಲು ಒಟ್ಟುತ್ತಿದ್ದ ಶೆಡ್ಡಿಗೆ ಕಾಂಕ್ರೀಟು ಹಾಕಿಸಿ, ನಾಲ್ಕು ಬೋಲ್ಟು ಹೂತು ಅದನ್ನು ನಿಲ್ಲಿಸಿದರು. ಕಬ್ಬಿಣ ಕೊರೆಯುವ ಕೆಲಸ ಅವರಿಗೆ ಒಂದಿಷ್ಟೂ ಬರುತ್ತಿರಲಿಲ್ಲ. ಮೋಟಾರಿನ ವೈರು ತಿರುಗುಮುರುಗಾಗಿ ಮಷಿನ್ನು ಹಿಂದಕ್ಕೆ ಸುತ್ತುತ್ತಿದ್ದರೂ ತಿಳಿಯದೆ, ಉಳಿ ಮೊಂಡಾಗಿದೆ ಎಂದು ಮೂರು ದಿನ ಉಳಿ ಮಸೆದರು.

ಆನವಟ್ಟಿಯಲ್ಲಿ ಚಹಾ ಮಾರುವವನೊಬ್ಬ ಅಂಗಡಿಯ ಹಿಂದೆ ಲೇತ್ ಇಟ್ಟಿದ್ದಾನೆಂದು ಡ್ರೈವರ್ ಒಬ್ಬ ಹೇಳಿದ. ಪರಮಶಿವಪ್ಪನವರು ಬಸ್ಸು ಹತ್ತಿ ಹೋಗಿ, ಮೂರು ಚಹಾ ಕುಡಿದ ಮೇಲೆ ವಿಷಯ ತೆಗೆದರು.

"ನಾನು ದಾವಣಗೆರೆ ಕಡೆ ಫ್ಯಾಕ್ಟರಿಯಾಗೆ ಲೇತ್ ಟರ್ನರ್ ಇದ್ದೆ," ಎಂದ ಯಲ್ಲಪ್ಪ. "ಹದಿನೆಂಟು ವರ್ಷ. ಬೆರಳು ಹೋದ್ವು, ಕೆಲಸ ಹೋತು. ಚಟ ಹೋಗ್ಲಿಲ್ಲ. ನಿಮ್ದೇನ್ರಿ ಮೊದ್ಲು?"

"ಬಸ್ ಟೈಮ್ ಬರೆಯೋದು."

"ಮತ್ತೆ ಇದಕ್ಯಾಕೆ ಬಂದ್ರಿ?"

"ಮೂವತ್ತೆರಡು ವರ್ಷ ಬರ್ದೆ. ಬೋರ್ಡಿನ ಮೇಲಿರೋ ಟೈಮಿಗೆ ಒಂದು ಬಸ್ಸೂ ಬರ್ಲಿಲ್ಲ. ಅಳತೆ ಹೇಳಿದಂಗೆ ಬರೋದು ಒಂದಾದ್ರೂ ಐತಾ ಅಂತ ನೋಡ್ಬೇಕು ಅನ್ನಿಸ್ತು."

ಯಲ್ಲಪ್ಪ ಅವತ್ತೇ ಅಂಗಡಿ ಮುಚ್ಚಿ ಶಿಕಾರಿಪುರಕ್ಕೆ ಬಂದ. ವೈರು ಬದಲಿಸಿದ. ಎರಡು ನಿಯಮ ಹೇಳಿದ. ಕಬ್ಬಿಣದ ತುಂಡನ್ನು ಹಿಡಿದು ತಿರುಗುವ ಭಾಗ ಚಕ್ಕು. ಅದನ್ನು ಬಿಗಿಯುವ ಕೀಲಿಯನ್ನು ಅದರಲ್ಲೇ ಮರೆತು ಸ್ವಿಚ್ ಒತ್ತಿದರೆ ಕೀಲಿ ಹಾರಿ ಬಂದು ತಲೆ ಒಡೆಯುತ್ತದೆ. ಅದು ಮೊದಲನೆಯದು.

"ಎರಡ್ನೇದು, ಮೈಮೇಲೆ ಇಳಿಬಿದ್ದದ್ದು ಏನೂ ಇರಬಾರ್ದು. ಟವೆಲ್ಲು, ತೋಳು, ದಾರ. ಚಳಿ ಅಂತ ಗ್ಲೌಸ್ ಹಾಕಿದ್ದಕ್ಕೆ ನಂದು ಹಿಂಗಾತು." ಅವನು ಕೈ ತೋರಿಸಿದ. "ಕೊರಳಾಗೇನ್ರಿ ಅದು?"

"ಲಿಂಗ."

"ತೆಗೀರಿ."

"ತೆಗೆಯಂಗಿಲ್ಲಪ್ಪ. ಮೈಬಿಟ್ಟು ಇರಂಗಿಲ್ಲ ಅದು."

"ಹಂಗಾರೆ ಮಷಿನ್ ತೆಗೀರಿ."

ಪರಮಶಿವಪ್ಪನವರು ಎರಡನ್ನೂ ತೆಗೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ಮಧ್ಯಾಹ್ನ ಬಗ್ಗಿ ಅಳತೆ ನೋಡುವಾಗ ಅಂಗಿಯಿಂದ ಜಾರಿದ ಲಿಂಗದ ಶಿವದಾರವನ್ನು ಚಕ್ಕು ಸುತ್ತಿಕೊಂಡಿತು. ದಾರ ಹಳೆಯದಾಗಿತ್ತು, ಹರಿಯಿತು. ಕಿವಿಯ ಕೆಳಗೆ ಒಂದು ಗೇಣು ಚರ್ಮ ಸುಲಿಯಿತು. ಬೇಲಿಯ ಮುಳ್ಳು ಎಂದು ಹೆಂಡತಿಗೆ ಹೇಳಿದರು.

ಆಮೇಲೆ ಅವರು ಸಾಗುವಾನಿಯ ಪೆಟ್ಟಿಗೆ ಮಾಡಿ ಮಷಿನ್ನಿನ ಮಗ್ಗುಲಿಗೆ ಹೊಡೆದರು. ಎರಡು ಗೂಡು. ಒಂದರಲ್ಲಿ ಕೀಲಿ. ರೇಷ್ಮೆ ಬಟ್ಟೆ ಹಾಸಿದ ಇನ್ನೊಂದರಲ್ಲಿ ಲಿಂಗ. ಎರಡೂ ಗೂಡು ತುಂಬಿದ್ದು ನೋಡಿಯೇ ಸ್ವಿಚ್ಚು ಒತ್ತುವುದು. ಕೆಲಸ ಮುಗಿದ ಕೂಡಲೇ ಲಿಂಗ ಕೊರಳಿಗೆ.

"ಇಬ್ರೂ ಹತ್ತಿದ್ಮೇಲೇ ರೈಟ್," ಎಂದು ಯಲ್ಲಪ್ಪನಿಗೆ ತೋರಿಸಿ ನಕ್ಕರು. "ಮನೆಯಾಗೆ ಹೇಳಬ್ಯಾಡ ಮತ್ತೆ. ಕಬ್ಬಿಣದ ಜೊತೆ ಲಿಂಗ ಇಡ್ತೀನಿ ಅಂತ ಗೊತ್ತಾದ್ರೆ ನಮ್ಮಕ್ಕ ಮಷಿನ್ನು ಕೆರೆಗೆ ಹಾಕಿಸ್ತಾಳೆ."

ಆರು ವರ್ಷದಲ್ಲಿ ಅವರು ಮಾಡಿದ್ದು ಬಹಳವೇನಲ್ಲ. ಪಂಪಿನ ಬುಶ್ಶು, ಹಿತ್ತಾಳೆಯ ತೂಗುಗುಂಡು, ಬೀದಿಯ ಮನೆಗಳಿಗೆಲ್ಲ ಚಕ್ಕುಲಿ ಒರಳಿನ ಬಿಲ್ಲೆ. ಮಹಾದೇವಮ್ಮನ ಮನೆಯ ಒರಳಿನಲ್ಲಿಯೂ ಅವರ ಬಿಲ್ಲೆಯೇ ಇತ್ತು.

*

ಯಲ್ಲಪ್ಪ ಹೇಳಿ ಮುಗಿಸಿದಾಗ ಮಹಾದೇವಮ್ಮ "ಶಿವಶಿವಾ, ಕಬ್ಬಿಣದ ಸಂಗಡ!" ಎಂದರು. ಬಸವಣ್ಣೆಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಗಂಡನ ಬಿಚ್ಚಿದ ಅಂಗೈಯನ್ನು ನೋಡುತ್ತಿದ್ದರು.

"ಹೋಗಿ ತಾ," ಎಂದರು ಮಗನಿಗೆ.

"ಹೆಣ ಕೂರಿಸಿ ಮಗ ಹೊರಗೆ ಹೋಗ್ತಾನೇನೇ?" ಎಂದರು ಮಹಾದೇವಮ್ಮ.

"ಹೋಗಿ ತಾ ಸಿದ್ದು."

ಮಾರಪ್ಪನ ಗುಜರಿ ಶಿರಾಳಕೊಪ್ಪದ ರಸ್ತೆಯಲ್ಲಿತ್ತು. ಸಿದ್ಧಲಿಂಗೇಶ್ ಒದ್ದೆ ಪಂಚೆಯಲ್ಲೇ ಬೈಕು ಓಡಿಸಿದ. ಯಲ್ಲಪ್ಪ ಹಿಂದೆ ಕೂತ. ಸ್ವಲ್ಪ ದೂರ ಹೋದ ಮೇಲೆ ಸಿದ್ಧಲಿಂಗೇಶ್ ಮಾತು ಶುರು ಮಾಡಿದ.

"ಅವತ್ತು ಮಷಿನ್ ಬರೇ ಸುತ್ತೋ ಸದ್ದು ಕೇಳಿ ಅವ್ವ ಹೋಗಿ ನೋಡಿದ್ಲು. ಕೆಳಗೆ ಬಿದ್ದಿದ್ರು. ಲಕ್ವ. ಬಲಗಡೆ ಪೂರಾ ಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಮಾತ್ರ ಆಡೋದು."

"ಹೂಂ."

"ದಿನಾ ಬೆಳಿಗ್ಗೆ ಎದೆ ಮುಟ್ಟಿ ಮುಟ್ಟಿ ತೋರ್ಸೋರು. ಎದೆನೋವು ಅನ್ಕಂಡು ಮೂರು ಸಲ ಇಸಿಜಿ ಮಾಡ್ಸಿದೆ. ಆಮೇಲೆ ಅಂಗೈ ಹಿಂಗೆ ಮುಂದೆ ಚಾಚೋರು. ನೀರು ಕೇಳ್ತಾರೆ ಅಂತ ಸ್ಪೂನಾಗೆ ನೀರು ಹಾಕ್ತಿದ್ದೆ. ಕುಡಿಯೋರು. ಮತ್ತೆ ಕೈ ಚಾಚೋರು."

ಅವನು ಚಾಚಿ ತೋರಿಸಿದ ಎಡಗೈಯನ್ನು ಮತ್ತೆ ಹ್ಯಾಂಡಲಿಗೆ ತಂದ.

"ಹತ್ತೊಂಬತ್ತು ದಿನ, ಯಲ್ಲಪ್ಪಣ್ಣ," ಎಂದ ಸಿದ್ಧಲಿಂಗೇಶ್. ಮುಂದೆ ಲಾರಿ ಇತ್ತು. ಹಾರ್ನ್ ಹೊಡೆದ.

ಮಾರಪ್ಪ ತಕ್ಕಡಿಯ ಪಕ್ಕ ಊಟ ಮಾಡುತ್ತಿದ್ದ. ಸಿದ್ಧಲಿಂಗೇಶನ ಬರಿ ಮೈ, ವಿಭೂತಿ ನೋಡಿ ತಟ್ಟೆ ಕೆಳಗಿಟ್ಟ.

"ಲೇತಾ? ಅದು ಬೀಡು ಕಬ್ಬಿಣ ಕಣಣ್ಣ. ಇಡಿಯಾಗಿ ಯಾರು ತಗಂತಾರೆ. ಸುತ್ತಿಗೆಯಾಗೆ ಒಡೆದು ಲೋಡು ಕಳ್ಸಿ ವಾರ ಆತು. ಇಬ್ರು ಆಳು ಒಂದು ಹೊತ್ತು ಒಡೆದ್ರು. ಗಟ್ಟಿ ಇತ್ತು."

"ಕಟ್ಟಿಗೆ ಪೆಟ್ಟಿಗೆ?"

"ಎಣ್ಣೆ ಕುಡಿದಿತ್ತು. ಚೆನ್ನಾಗಿ ಉರೀತು." ಮಾರಪ್ಪ ಶೆಡ್ಡಿನ ಹಿಂದಿನ ಮೂರು ಕಲ್ಲಿನ ಒಲೆ ತೋರಿಸಿದ. ಆಳುಗಳ ಸ್ನಾನದ ನೀರು ಕಾಯಿಸುವ ಒಲೆ.

"ಒಳಗಿದ್ದಿದ್ದು ನೋಡ್ಲಿಲ್ವಾ?"

"ಕೀಲಿ ತೆಗೆದಿಟ್ಟೀವಿ, ಅದು ಒಳ್ಳೆ ಉಕ್ಕು. ಇನ್ನೊಂದು ಕಡೆ ಎಣ್ಣೆ ಬಟ್ಟೆ ಗಂಟು ಇತ್ತು. ಮಷಿನ್ ಒರಸೋದು ಅನ್ಕಂಡು ಒಲೆಗೆ ಹಾಕಿದ್ವಿ." ಮಾರಪ್ಪ ಅವನ ಮುಖ ನೋಡಿದ. "ಏನಿತ್ತಣ್ಣ ಅದರಾಗೆ?"

ಬೂದಿಯನ್ನು ಎರಡು ದಿನಕ್ಕೊಮ್ಮೆ ತೋಡಿ ಹಳ್ಳಕ್ಕೆ ಚೆಲ್ಲುತ್ತಿದ್ದರು. ಇಬ್ಬರೂ ಹಳ್ಳಕ್ಕಿಳಿದರು. ಮಾರಪ್ಪನೂ ಕೈ ತೊಳೆದು ಜರಡಿ ತಂದ. ಒಂದೂವರೆ ಗಂಟೆ ಜಾಲಾಡಿದರು. ಮೊಳೆ ಸಿಕ್ಕವು, ಬಾಟಲಿ ಮುಚ್ಚಳ, ಕೋಳಿ ಮೂಳೆ. ಒಮ್ಮೆ ಕಪ್ಪಗೆ ದುಂಡಗಿದ್ದದ್ದೊಂದು ಸಿಕ್ಕಿತು. ಸಿದ್ಧಲಿಂಗೇಶ್ ಅದನ್ನು ಪಂಚೆಗೆ ಒರಸಿದ. ಇದ್ದಿಲು. ಬೆರಳ ನಡುವೆ ಪುಡಿಯಾಯಿತು.

ಫೋನು ನಾಲ್ಕನೇ ಸಲ ಬಡಿದುಕೊಂಡಿತು. ಅತ್ತೆ ಮಹಾದೇವಮ್ಮ. ಅವನು ತೆಗೆಯಲಿಲ್ಲ.

"ಹೊತ್ತಾತು, ನಡಿ," ಎಂದ ಯಲ್ಲಪ್ಪ. ಮಾರಪ್ಪ ಕೊಟ್ಟ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

*

ಮನೆ ಮುಟ್ಟಿದಾಗ ಸಿದ್ಧಲಿಂಗೇಶ್ ಮುಂದಿನಿಂದ ಬರಲಿಲ್ಲ. ಹಿತ್ತಲಿನ ಬಾಗಿಲಿಂದ ದೇವರ ಮನೆಗೆ ಹೋದ. ಯಲ್ಲಪ್ಪ ಹೊಸ್ತಿಲಾಚೆ ನಿಂತು ನೋಡಿದ. ಸಿದ್ಧಲಿಂಗೇಶ್ ಗೂಡಿನೊಳಗೆ ಕೈ ಹಾಕಿ ಒಂದು ಕೆಂಪು ಬಟ್ಟೆಯ ಗಂಟು ತೆಗೆದ. ಗಂಟಿಗೆ ಕೈಯ ಬೂದಿ ಮೆತ್ತಿದ. ಯಲ್ಲಪ್ಪನ ಕಡೆ ನೋಡಿದ. ಯಲ್ಲಪ್ಪ ಗೋಡೆಯ ಕಡೆ ತಿರುಗಿದ.

ಶೆಡ್ಡಿನಲ್ಲಿ ಜನ ದಾರಿ ಬಿಟ್ಟರು.

"ಸಿಗ್ತಾ?" ಬಸವಣ್ಣೆಮ್ಮ ಕೇಳಿದರು.

"ಸಿಕ್ತವ್ವ."

ಅವರು ಗಂಟು ಕೈಗೆ ತೆಗೆದುಕೊಂಡರು. ಅಂಚಿನ ಹಸಿರು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ನಾಲ್ಕು ವರ್ಷದ ಹಿಂದೆ, ಮಗನ ಮದುವೆಗೆ ಮುಂಚೆ, ಅವರೇ ಕೂತು ಹಾಕಿದ ಹೊಲಿಗೆ ಅದು. ಬಿಚ್ಚಿದರು. ಲಿಂಗ ಹೊಸದರ ಹಾಗೆ ಮಿರುಗುತ್ತಿತ್ತು. ಅದನ್ನು ಯಾರ ಬೆರಳೂ ಸವೆಸಿರಲಿಲ್ಲ.

ಮಗನ ಮುಖ ನೋಡಿದರು. ಹುಬ್ಬಿನ ಮೇಲೆಲ್ಲ ಬೂದಿ. ಉಗುರೊಳಗೆ ಬೂದಿ.

"ಇದೇ," ಎಂದು ಅಯ್ಯನವರಿಗೆ ಕೊಟ್ಟರು.

ಅಯ್ಯನವರು ಅದನ್ನು ಬೆಳಕಿಗೆ ಹಿಡಿದರು. ತಾವೇ ಕಟ್ಟಿದ್ದು ಅವರಿಗೂ ಗುರುತಾಯಿತು. "ಪತ್ರೆ ಕೊಡ್ರಿ" ಎಂದರು.

"ನಮ್ ಪರಮ ಕಳ್ಕಳ್ಳೋನಲ್ಲ. ನಾನು ಅವಾಗ್ಲೇ ಅನ್ಲಿಲ್ವಾ?" ಎಂದರು ಮಹಾದೇವಮ್ಮ, ಪಕ್ಕದವರಿಗೆ.

ತೊಲೆಯ ಕೊಂಡಿಯಿಂದ ಗಂಟು ಬಿಚ್ಚಿದರು. ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಹೊತ್ತರು. ನಾಲ್ಕೂಕಾಲಿಗೆ ಗುಂಡಿಗಿಳಿಸಿ, ಒಳಗೋಡೆಯಲ್ಲಿ ತೋಡಿದ ಗೂಡಿನಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು. ವಿಭೂತಿ ಗಟ್ಟಿ, ಪತ್ರೆ, ಉಪ್ಪು, ಮಣ್ಣು.

ಆರು ಗಂಟೆಗೆ ಯಲ್ಲಪ್ಪ ಆನವಟ್ಟಿಯ ಬಸ್ಸಿಗೆ ಹೊರಟ. ಅಂಗಳದಲ್ಲಿ ಬಸವಣ್ಣೆಮ್ಮನ ಮುಂದೆ ನಿಂತು ಜೇಬಿನಿಂದ ಕೀಲಿ ತೆಗೆದ. ಗೇಣುದ್ದದ ಉಕ್ಕು, ತಲೆಗೆ ಅಡ್ಡ ಹಿಡಿಕೆ. ಹಿಡಿಕೆ ಸವೆದು ನುಣ್ಣಗಾಗಿತ್ತು.

"ಇದೊಂದು ಸಿಕ್ತಮ್ಮ."

"ಇದು ಒಳಗಿದ್ರೇ ಚಾಲೂ ಮಾಡ್ತಿದ್ರಾ?"

"ಎರಡೂ ಒಳಗಿದ್ರೆ."

ಅವರು ಕೀಲಿಯನ್ನು ಸೆರಗಿನಿಂದ ಒರೆಸಿದರು. ದೇವರ ಮನೆಗೆ ಹೋಗಿ, ಬೆಳಿಗ್ಗೆತನಕ ಮಗನ ಲಿಂಗವಿದ್ದ ಗೂಡಿನಲ್ಲಿಟ್ಟರು. ಕೀಲಿ ಉದ್ದವಾಯಿತು. ಅಡ್ಡ ಹಿಡಿಕೆ ಹೊರಗೇ ಉಳಿಯಿತು.

ಹತ್ತೊಂಬತ್ತು ದಿನದಲ್ಲಿ ಆ ಮನೆಯಿಂದ ಹೋದದ್ದು ಒಬ್ಬ ಮನುಷ್ಯ, ಒಂದು ಲೇತು, ಎರಡು ಲಿಂಗ. ಐವತ್ತಾರು ವರ್ಷದಲ್ಲಿ ತಪ್ಪಿದ ಪೂಜೆ ಹತ್ತೊಂಬತ್ತು.