ಎಮ್ಮಿಗುಂಡಿನ ಮಡು

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವುದು ವಿದ್ಯುತ್ ಹೋದಾಗ ಮಾತ್ರ. ನೇತ್ರಾ ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎರಡೂ ನೇಕಾರರ ಮನೆಯೇ. ಗಂಡ ಪರಮಾನಂದ ನಾಲ್ಕು ವಿದ್ಯುತ್ ಮಗ್ಗ ನಡೆಸುತ್ತಿದ್ದ. ಇವಳು ಮದುವೆ, ಸೀಮಂತಗಳ ಫೋಟೋ ತೆಗೆಯುತ್ತಿದ್ದಳು. ರವಿವಾರ ಮಾತ್ರ ಅವಳ ಸ್ವಂತದ್ದು. ಕತ್ತಲು ಹರಿಯುವ ಮೊದಲೇ ಕ್ಯಾಮೆರಾ, ಸ್ಟ್ಯಾಂಡು ಕಟ್ಟಿಕೊಂಡು ಸ್ಕೂಟರ್ ಹತ್ತಿದಳೆಂದರೆ ಜಮಖಂಡಿ ದಾಟಿ, ಬೀಳಗಿಯ ಕಡೆ ಯಡಹಳ್ಳಿ ಅಡವಿಗೆ ಹೋಗಿಯೇ ನಿಲ್ಲುತ್ತಿದ್ದಳು.

ನೋಡಿದವರಿಗೆ ಅದು ಅಡವಿಯೇ ಅಲ್ಲ. ಕುರುಚಲು ಜಾಲಿ, ಕೆಂಪು ಕಲ್ಲಿನ ದಿಬ್ಬ, ಒಣಹುಲ್ಲು. ಆದರೆ ಸೂರ್ಯ ಹುಟ್ಟುವ ಹೊತ್ತಿನಲ್ಲಿ ಆ ಹುಲ್ಲಿಗೆ ಬೆಂಕಿ ಬಿದ್ದಂಥ ಬಣ್ಣ ಬರುತ್ತಿತ್ತು. ಅದಕ್ಕಾಗಿ ಅವಳು ಮೂರು ವರ್ಷ ತಿರುಗಿದಳು. ಅಲ್ಲಿಯ ಕಾವಲುಗಾರ ರೇವಪ್ಪ ಅವಳನ್ನು ಮೊದಮೊದಲು ಸಂಶಯದಿಂದ ನೋಡಿದ, ಆಮೇಲೆ ಜೊತೆಗೆ ನಡೆದ, ಕೊನೆಗೆ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ಗಲಗಲಿಯವನು, ಐವತ್ತೈದು ದಾಟಿದವನು. ದಿನಗೂಲಿಯ ಮೇಲೆ ಹದಿನೆಂಟು ವರ್ಷ ಅಲ್ಲೇ ಸವೆದಿದ್ದ.

ಹಿಂದಿನ ಬೇಸಿಗೆಯಲ್ಲಿ ಒಂದು ದಿನ ಅವನೇ ಅವಳನ್ನು ದಾರಿ ಬಿಟ್ಟು ಒಳಗೆ ಕರೆದುಕೊಂಡು ಹೋದ. ಮಲಗಿದ ಎಮ್ಮೆಯಂತೆ ಕಾಣುವ ದೊಡ್ಡ ಗುಂಡುಕಲ್ಲಿನ ಹಿಂದೆ, ಬಂಡೆಯ ಸಂದಿನಲ್ಲಿ ಒಂದು ಮಡು. ಸುತ್ತೆಲ್ಲ ನೆಲ ಬಿರಿದಿದ್ದರೂ ಅಲ್ಲಿ ಮೊಳಕಾಲುದ್ದ ನೀರು. ಬೆಳಕು ಹರಿಯುತ್ತಲೇ ಚಿಗರಿಗಳು, ಆ ಸೀಮೆಯ ಸಣ್ಣ ಜಿಂಕೆಗಳು, ಬಂದವು. ಒಂಬತ್ತು. ನೀರಿಗೆ ಬಾಯಿ ಹಚ್ಚುವ ಮೊದಲು ಪ್ರತಿಯೊಂದೂ ತಲೆಯೆತ್ತಿ ಸುತ್ತ ನೋಡಿತು.

"ಫೋಟೋ ಎಷ್ಟಾರ ತಗಿ ತಂಗಿ," ಎಂದ ರೇವಪ್ಪ ಪಿಸುಮಾತಿನಲ್ಲಿ. "ಆದ್ರ ಈ ಜಾಗಾದ ಹೆಸರ ಯಾರ ಮುಂದೂ ಹೇಳಬ್ಯಾಡ. ಬ್ಯಾಸಗ್ಯಾಗ ಇವಕ್ಕ ಇದೊಂದ ನೀರು."

"ಇಲ್ಲ ಕಾಕಾ. ಯಾರಿಗೂ ಹೇಳೂದಿಲ್ಲ."

ಅವಳು ತೆಗೆದ ಚಿತ್ರದಲ್ಲಿ ಚಿಗರಿಗಳು ಬೆರಳಿನಷ್ಟೇ ಇದ್ದವು. ತುಂಬಿಕೊಂಡಿದ್ದು ಬಂಡೆ, ಹುಲ್ಲು, ಮೇಲೆ ತಾಮ್ರದ ಬಣ್ಣದ ಆಕಾಶ. ಪರಮಾನಂದನ ಸೀರೆ ಕೊಳ್ಳುತ್ತಿದ್ದ ರಬಕವಿಯ ವ್ಯಾಪಾರಿ ರಾಮಲಿಂಗಪ್ಪ ಅದನ್ನು ನೋಡಿ ತನ್ನ ಅಂಗಡಿಯ ಕ್ಯಾಲೆಂಡರಿಗೆ ಕೇಳಿದ. ಅಚ್ಚಿಗೆ ಕಳಿಸುವ ದಿನ ಫೋನು ಮಾಡಿ, "ಎಲ್ಲಿದು ಅಂತ ಕೆಳಗ ಹಾಕಬೇಕಲ್ರಿ ಅಕ್ಕಾರ, ಮಂದಿ ನಮ್ಮ ಸೀಮಿದು ಅಂದ್ರ ನಂಬೂದಿಲ್ಲ," ಎಂದ. ನೇತ್ರಾ ಆಗ ಯಾರದೋ ಮದುವೆ ಮನೆಯಲ್ಲಿದ್ದಳು. ಜಾಗದ ಹೆಸರಿನ ಕೆಳಗೆ ತನ್ನ ಹೆಸರೂ ಅಚ್ಚಾಗುತ್ತದೆ ಎಂಬುದೊಂದೇ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿದ್ದದ್ದು. ಹೇಳಿಬಿಟ್ಟಳು: ಎಮ್ಮಿಗುಂಡಿನ ಮಡು, ಯಡಹಳ್ಳಿ ಅಡವಿ.

ಜನವರಿಗೆ ಆ ಕ್ಯಾಲೆಂಡರು ಊರೂರಿನ ಅಂಗಡಿ, ಕಟಿಂಗ್ ಸಲೂನು, ಚಹಾದ ಹೋಟೆಲುಗಳ ಗೋಡೆ ಹತ್ತಿತು.

ಮಾರ್ಚಿನಲ್ಲಿ ಸುದ್ದಿ ಬಂತು. ನಾಲ್ಕು ಜನ ನಾಯಿಗಳನ್ನು ಕಟ್ಟಿಕೊಂಡು ನಸುಕಿನಲ್ಲೇ ಮಡುವಿಗೆ ಮುತ್ತಿಗೆ ಹಾಕಿದ್ದರು. ನೀರಿಗೆ ಬಂದ ಚಿಗರಿಗಳಿಗೆ ಓಡಲು ಒಂದೇ ಸಂದು, ಅಲ್ಲಿ ಬಲೆ. ನಾಯಿಗಳ ಸದ್ದು ಕೇಳಿ ಓಡಿಬಂದ ರೇವಪ್ಪನ ಮೊಳಕಾಲನ್ನು ಅವರು ಕಬ್ಬಿಣದ ಸಲಾಕಿಯಿಂದ ಜಜ್ಜಿ ಹೋಗಿದ್ದರು. ಕುರಿಗಾಯುವವನೊಬ್ಬ ನೋಡುವವರೆಗೆ, ಅಂದರೆ ಮಧ್ಯಾಹ್ನದ ತನಕ, ಆತ ರಕ್ತದಲ್ಲಿ ಬಿದ್ದಿದ್ದ. ಪಕ್ಕದಲ್ಲೇ ಗಬ್ಬಾದ ಒಂದು ಚಿಗರಿ ಹೊಟ್ಟೆ ಹರಿದುಕೊಂಡು ಬಹಳ ಹೊತ್ತು ಕಾಲು ಬಡಿಯುತ್ತಿತ್ತಂತೆ.

ಎರಡು ದಿನಕ್ಕೆ ಇಬ್ಬರು ಸಿಕ್ಕರು. "ಜಾಗಾ ತೋರಿಸಿದಾಂವ ಆ ಕಾವಲುಗಾರನ. ಪಾಲಿನ ಸಲುವಾಗಿ ಜಗಳಾತು," ಎಂದುಬಿಟ್ಟರು. ದಾರಿಯಿಂದ ಅಷ್ಟು ಒಳಗಿನ ಮಡು ಮತ್ತಾರಿಗೆ ಗೊತ್ತು ಎಂದು ಅಧಿಕಾರಿಗಳಿಗೂ ಅನಿಸಿತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಪೊಲೀಸನೊಬ್ಬ ಕುಳಿತ.

ನೇತ್ರಾ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಗಾಗುತ್ತಲೇ ಗೋಡೆಯ ಕ್ಯಾಲೆಂಡರು ಕಿತ್ತು ಸುರುಳಿ ಸುತ್ತಿದಳು.

"ಎಲ್ಲಿಗೆ?" ಎಂದ ಪರಮಾನಂದ.

"ಹೆಸರು ಹೇಳಿದಾಕಿ ನಾನು. ಅದನ್ನ ಹೇಳಿ ಬರ್ತೇನಿ."

"ಹುಚ್ಚು ಹಿಡದೈತೇನ್ ನಿನಗ? ನಾಳೆ ಪೇಪರಿನ್ಯಾಗ ಬರ್ತದ. ರಾಮಲಿಂಗಪ್ಪ ನಮ್ಮ ಸೀರಿ ತಗೊಳ್ಳೂದು ಬಿಟ್ರ ಮಗ್ಗಕ್ಕ ಏನು ಹಾಕೂದು?"

"ಆ ಕಾಕಾ ಕಾಲೂ ಕಳಕೊಂಡು ಕಳ್ಳನೂ ಅನಿಸ್ಕೋಬೇಕೇನು?"

ಅವಳು ಸ್ಕೂಟರ್ ತೆಗೆಯುವಾಗ ಅವನು ಒಳಗೆ ಹೋಗಿ ಮಗ್ಗ ಚಾಲೂ ಮಾಡಿದ.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಸಿಕ್ಕವರ ಮೊಬೈಲು ತರಿಸಿ ಹುಡುಕಿಸಿದರು. ಫೆಬ್ರುವರಿಯಲ್ಲಿ ತೆಗೆದ ಒಂದು ಫೋಟೋ ಸಿಕ್ಕಿತು: ಯಾವುದೋ ಟೇಲರ್ ಅಂಗಡಿಯ ಗೋಡೆ, ಅದರ ಮೇಲೆ ಇದೇ ಕ್ಯಾಲೆಂಡರು, ಕೆಳಗಿನ ಹೆಸರು ಸ್ಪಷ್ಟವಾಗಿ ಓದುವ ಹಾಗೆ. ಅವಳ ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿಕೊಂಡರು. ರೇವಪ್ಪನ ಮೇಲಿನ ಸಂಶಯ ಹೋಯಿತು. ತನ್ನ ಅಂಗಡಿಯ ಹೆಸರು ಕೇಸಿಗೆ ಬಂತೆಂದು ರಾಮಲಿಂಗಪ್ಪ ಆ ವಾರದಿಂದಲೇ ಪರಮಾನಂದನ ಸೀರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಎರಡು ಮಗ್ಗ ಮಾರಬೇಕಾಯಿತು.

ರೇವಪ್ಪನ ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಮಡಚಲು ಬಾರದ ಕಾಲಿನವನಿಗೆ ಅಡವಿಯ ಕೆಲಸ ಯಾರು ಕೊಟ್ಟಾರು? ಆ ಜಾಗಕ್ಕೆ ದುರಗೇಶ ಎಂಬ ಹೊಸಬನನ್ನು ಇಟ್ಟುಕೊಂಡರು.

ಮೇ ತಿಂಗಳಲ್ಲಿ ನೇತ್ರಾ ಗಲಗಲಿಗೆ ಹೋದಳು. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ರೇವಪ್ಪನ ಹೆಂಡತಿ ಗುರುಬಾಯಿ ಏಳಲಿಲ್ಲ.

"ನೀನ ಏನು ಅಕಿ?"

"ಹೌದ್ರೀ ಕಾಕೂ."

"ಖರೆ ಹೇಳಿ ಬಂದಿ ಅಂತ ಮಂದಿ ನಿನ್ನ ಹೊಗಳಾಕತ್ತಾರ. ನಾ ಹೊಗಳೂದಿಲ್ಲ ನೋಡ ಮತ್ತ," ಎಂದು ಗುರುಬಾಯಿ ಮೊರ ಕೊಡವಿ ಒಳಗೆ ಸರಿದು ದಾರಿ ಬಿಟ್ಟಳು.

ರೇವಪ್ಪ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ. "ನಂದು ತಪ್ಪಾತು ಕಾಕಾ," ಎಂದಷ್ಟೇ ಹೇಳಿ ನೇತ್ರಾ ನೆಲದ ಮೇಲೆ ಕುಳಿತಳು.

"ಅಡವಿ ಕಡೆ ಹೋಗಿದ್ದೇನು?" ಎಂದು ಆತ ಕೇಳಿದ.

"ನಾಕು ರವಿವಾರ ಹೋಗೇನಿ. ದುರಗೇಶನ ಕೂಡ ಮಡುವಿನ ಹತ್ರ ಕುಂತಿದ್ನಿ."

"ನೀರೈತಿ?"

"ಐತಿ ಕಾಕಾ."

"ಎಷ್ಟು ಬಂದಿದ್ವು?"

ನೇತ್ರಾಗೆ ಒಮ್ಮೆ ಎರಡು ಎನ್ನಬೇಕೆನಿಸಿತು. ಕನಿಷ್ಠ ಒಂದು. ಆತ ಮೊಣಕೈ ಊರಿ ಅರ್ಧ ಎದ್ದು ಅವಳ ಬಾಯನ್ನೇ ನೋಡುತ್ತಿದ್ದ.

"ಒಂದೂ ಬರಲಿಲ್ಲ," ಎಂದಳು. "ಹೆಜ್ಜಿ ಗುರ್ತೂ ಇರಲಿಲ್ಲ."

ರೇವಪ್ಪ ಮೊಣಕೈ ತೆಗೆದು ಮತ್ತೆ ಮಲಗಿದ. ಗೋಡೆಯ ಕಡೆ ಹೊರಳಬೇಕೆಂದರೆ ಆ ಕಾಲು ಹೊರಳಗೊಡಲಿಲ್ಲ. ಕೊರಳಿನ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ. ಒಳಗಿನಿಂದ ಗುರುಬಾಯಿ ಒಂದು ಲೋಟ ನೀರು ತಂದು ನೇತ್ರಾಳ ಮುಂದಿಟ್ಟು ಮತ್ತೆ ಮೊರದ ಕಡೆ ಹೋದಳು.