ಒಂದೇ ಅಕ್ಷರದ ನಲವತ್ತೊಂದು ಮಕ್ಕಳು

ಆನ್‌ಶ್ಯು ಒಂದು ಅನಾಥಾಲಯದಲ್ಲಿ ಬೆಳೆದು ಅಲ್ಲೇ ಆಯಾ ಆದವಳು. ಚೀನಾದ ಗಾನ್ ನದಿಯ ದಂಡೆಯ ಆ ಊರಿನಲ್ಲಿ ಅವಳ ಮನೆತನದ ಹೆಸರು ಮಿನ್ ಎಂದರೆ ಸಾಕು, ಜನಕ್ಕೆ ಎಲ್ಲ ತಿಳಿದುಹೋಗುತ್ತಿತ್ತು. ಮಿನ್ ಎಂದರೆ ಪ್ರಜೆ. ಹೆತ್ತವರು ಗೊತ್ತಿಲ್ಲದ ಮಕ್ಕಳಿಗೆಲ್ಲ ಅನಾಥಾಲಯ ಕೊಡುತ್ತಿದ್ದದ್ದು ಅದನ್ನೇ. ಹರೆಯದಲ್ಲಿ ಕುದುರಿದ್ದ ಸಂಬಂಧವೊಂದು ಇದರಿಂದಲೇ ಮುರಿಯಿತು. ಹುಡುಗಿಯ ಹಿರಿಯರ ಗೋರಿ ಎಲ್ಲಿದೆ ಎಂದು ಹುಡುಗನ ತಾಯಿ ಕೇಳಿದ್ದಳು.

ಬೇಕಾದ ಹೆಸರು ಇಟ್ಟುಕೊಳ್ಳಬಹುದು ಎಂದು ಸರ್ಕಾರ ಹೇಳಿದಾಗ ಜೊತೆಯವರು ಪೂರ್ತಿ ಹೆಸರನ್ನೇ ಬದಲಿಸಿಕೊಂಡರು. ಅವಳು ಬದಲಿಸಲಿಲ್ಲ. 'ಆನ್' ಅಕ್ಷರ ಅವಳ ತಾಯಿಯದು. ಮಗುವಾಗಿ ಸಿಕ್ಕಾಗ ಸುತ್ತಿದ್ದ ಹೊದಿಕೆಯ ಮಡಿಕೆಯಲ್ಲಿ ಆ ಒಂದೇ ಅಕ್ಷರ ಬರೆದ ಚೀಟಿ ಇತ್ತೆಂದು, ಅವಳನ್ನು ಸಾಕಿದ ಟಾಂಗ್ ದೊಡ್ಡಮ್ಮ ಚಿಕ್ಕಂದಿನಲ್ಲಿ ಹೇಳಿದ್ದಳು. ಚೀನೀ ಬರಹದಲ್ಲಿ ಅದು ಮೇಲೊಂದು ಸೂರು, ಅದರಡಿ ಒಂದು ಹೆಣ್ಣು, ಅರ್ಥ ನೆಮ್ಮದಿ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುವಾಗ ಆನ್‌ಶ್ಯು ಎಷ್ಟೋ ಸಲ ಅದನ್ನು ಊಟದ ಕಡ್ಡಿಯ ತುದಿಯಿಂದ ಮೇಜಿನ ಮೇಲೆ ಗೀಚುತ್ತಿದ್ದಳು.

ನಲವತ್ತೆಂಟಕ್ಕೆ ಬೆನ್ನುನೋವು ಹಿಡಿಯಿತು. ಮಕ್ಕಳನ್ನು ಎತ್ತಲಾಗದ್ದರಿಂದ ಅವಳನ್ನು ಕಚೇರಿಗೆ ಹಾಕಿದರು. ಹಳೆಯ ದಾಖಲೆಗಳನ್ನು ಜೋಡಿಸುವಾಗ ತಾನು ಬಂದ ವರ್ಷದ ಪುಸ್ತಕ ಸಿಕ್ಕಿತು. ಆನ್‌ಪಿಂಗ್, ಆನ್‌ಮೇ, ಆನ್‌ಗ್ವೋ... ಆ ವರ್ಷದ ನಲವತ್ತೊಂದು ಮಕ್ಕಳಿಗೂ ಅದೇ ಅಕ್ಷರ. ಅವಳ ಸಾಲಿನಲ್ಲಿ ಚೀಟಿಯ ಮಾತೇ ಇರಲಿಲ್ಲ.

ಭಾನುವಾರ ಅವಳು ಕಿತ್ತಳೆ ಹಣ್ಣು ತೆಗೆದುಕೊಂಡು ದೊಡ್ಡಮ್ಮನ ಮನೆಗೆ ಹೋದಳು. ಮುದುಕಿಗೆ ಎಂಬತ್ತಾರು. ಹಣ್ಣು ಸುಲಿದು ಕೊಡುತ್ತಲೇ ಆನ್‌ಶ್ಯು ಕೇಳಿದಳು.

"ಚೀಟಿ ಇರ್ಲಿಲ್ಲ ಕಣೇ," ಎಂದಳು ದೊಡ್ಡಮ್ಮ. "ವರ್ಷಕ್ಕೊಂದು ಅಕ್ಷರ ಅಂತ ಆಫೀಸಿನವ್ರೇ ಕೊಡೋರು. ಆ ವರ್ಷ 'ಆನ್' ಬಂತು."

"ಮತ್ತೆ ಹಂಗ್ಯಾಕೆ ಹೇಳಿದ್ರಿ?"

"ನೀನು ಐದು ವರ್ಷದ ಮಗು, ಜ್ವರ ಬಂದು ಮಲಗಿದ್ದೆ. ನಮ್ಮಮ್ಮ ನಂಗೇನು ಕೊಟ್ಳು ಅಂತ ಕೇಳಿದೆ. ಏನಾದ್ರೂ ಹೇಳ್ಬೇಕಿತ್ತಲ್ಲ. ಮರ್ತುಬಿಡ್ತೀಯ ಅಂದ್ಕೊಂಡೆ."

ಆನ್‌ಶ್ಯುಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮುದುಕಿಯ ಕೈ ಒರೆಸಿ, ಸಿಪ್ಪೆ ಆಯ್ದು ಹೊರಟಳು. ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದಳು.

ಚಳಿಗಾಲದಲ್ಲಿ ತೋಫು ಅಂಗಡಿಯ ಬಾಗಿಲಲ್ಲಿ ಸಿಕ್ಕ ಹೆಣ್ಣುಮಗುವೊಂದು ಬಂತು. ಈ ವರ್ಷದ ಅಕ್ಷರ ಬೇರೆಯಿತ್ತು. ಈ ಮಗುವಿಗೆ ನಾನೇ ಹೆಸರಿಡುತ್ತೇನೆ ಎಂದು ಅವಳು ಮೇಲಧಿಕಾರಿಯ ಮುಂದೆ ಪಟ್ಟು ಹಿಡಿದಳು. ಇಷ್ಟು ವರ್ಷದಲ್ಲಿ ಏನನ್ನೂ ಕೇಳದಿದ್ದವಳೆಂದು ಆತ ಒಪ್ಪಿದ. 'ಶ್ಯಾವ್', ಬೆಳಗಿನ ಜಾವ, ಎಂದು ಇಟ್ಟಳು. ದಾಖಲೆಯಲ್ಲಿ ಬರೆದಳು: ಬೆಳಕು ಹರಿಯುವ ಮೊದಲು ಸಿಕ್ಕಿತು, ಅಳುತ್ತಿರಲಿಲ್ಲ, ಜೊತೆಗೆ ಏನೂ ಇರಲಿಲ್ಲ, ಅಕ್ಷರ ಆರಿಸಿದ್ದು ಮಿನ್ ಆನ್‌ಶ್ಯು.

ಮಗು ಬಂದ ಏಳನೆಯ ತಿಂಗಳಿಗೆ ಗಂಡಹೆಂಡತಿ ಇಬ್ಬರು ಬಂದು ಅದನ್ನು ದತ್ತು ತೆಗೆದುಕೊಂಡರು. ಒಳ್ಳೆಯ ಜನ. ಹೆಂಡತಿ ಸಂಕೋಚದಿಂದ ಹೇಳಿದಳು: "ಹೆಸ್ರು ಚೆಂದ ಇದೆ ಅಕ್ಕ. ಆದ್ರೆ ನಮ್ಮ ವಂಶದಲ್ಲಿ ಈ ತಲೆಮಾರಿಗೆ ಅಂತ ಒಂದು ಅಕ್ಷರ ಇದೆ. ಇವ್ರ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅದೇ."

"ಅದನ್ನೇ ಇಡಮ್ಮ," ಎಂದಳು ಆನ್‌ಶ್ಯು. "ಅವಳದೂ ಅದೇ ಮನೆ ಅಂತ ಗೊತ್ತಾಗ್ಲಿ."

ಅವರ ಕಾರು ಹೋದ ಮೇಲೆ ಅವಳು ಮಕ್ಕಳ ಕೋಣೆಗೆ ಬಂದು, ನೋಯುವ ಬೆನ್ನನ್ನು ನಿಧಾನವಾಗಿ ಬಾಗಿಸಿ, ಖಾಲಿಯಾದ ತೊಟ್ಟಿಲ ಹಾಸಿಗೆಯ ಬಟ್ಟೆ ತೆಗೆದು ಒಗೆಯಲು ಹಾಕಿದಳು. ಪಕ್ಕದ ತೊಟ್ಟಿಲಿನ ಮಗು ಎಚ್ಚರವಾಗಿತ್ತು. ಅದನ್ನು ಎತ್ತಿಕೊಳ್ಳುವಂತಿರಲಿಲ್ಲ. ಕುರ್ಚಿ ಎಳೆದುಕೊಂಡು ಅದರ ಪಾದ ಹಿಡಿದು ಕುಳಿತಳು.